ವಾಲಗ ಊದಿದವರ ಹೆಸರು: ಮಡಿಕೇರಿಯ ಸಂಗೀತ ಪತ್ರಕರ್ತೆಯೊಬ್ಬಳ ಪ್ರಕರಣ

ಮದುವೆ ಮನೆಯ ವಾಲಗದ ಒಂದು ತುಣುಕು ಫೋನಿಂದ ಫೋನಿಗೆ ಓಡಾಡಿತು. ಬೆಂಗಳೂರಿನ ಸಂಗೀತ ನಿರ್ಮಾಪಕನೊಬ್ಬ ಅದನ್ನು ಎತ್ತಿಕೊಂಡ. ಕೆಳಗೆ ಎಲೆಕ್ಟ್ರಾನಿಕ್ ಬಡಿತ ಕೂಡಿಸಿ ತನ್ನ ಹೆಸರಿನಲ್ಲಿ ಹಾಡು ಬಿಟ್ಟ. ಹಾಡು ಚೆನ್ನಾಗಿಯೇ ಓಡಿತು. ವಿವರದಲ್ಲಿ ‘ಕೊಡಗಿನ ಸಾಂಪ್ರದಾಯಿಕ ವಾದ್ಯ’ ಎಂದಷ್ಟೇ ಇತ್ತು. ಊದಿದವರ ಹೆಸರಿಲ್ಲ, ಬಡಿದವರ ಹೆಸರಿಲ್ಲ.

ಇದನ್ನು ಬರೆಯಬೇಕಾಗಿ ಬಂದದ್ದು ಮಡಿಕೇರಿಯ ಒಬ್ಬ ಸಂಗೀತ ಪತ್ರಕರ್ತೆಗೆ. ಮದುವೆ ಅವಳ ಬಂಧುಗಳ ಮನೆಯದು. ವಿಡಿಯೋ ತೆಗೆದವನು ಅವಳ ಜೊತೆ ಶಾಲೆಯಲ್ಲಿ ಓದಿದವನು. ವಾಲಗ ಊದಿದ ಹಿರಿಯರನ್ನು ಅವಳು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದಾಳೆ. ಸ್ವಂತ ಊರಿನ ಸಂಗೀತದ ಬಗ್ಗೆ ಬರೆಯುವವರಿಗೆ ಎದುರಾಗುವ ತೊಡಕೆಲ್ಲ ಈ ಒಂದೇ ಪ್ರಸಂಗದಲ್ಲಿ ಸೇರಿಕೊಂಡಿದೆ. ನಾನು ಪತ್ರಿಕೋದ್ಯಮ ಪಾಠ ಮಾಡುವವಳು, ಅವಳು ನನ್ನ ಗೆಳತಿ. ತರಗತಿಯಲ್ಲಿ ಚರ್ಚೆಗೆ ಇಡಲೆಂದು, ಅವಳ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ.

ಹೆಸರಿನ ಬಗ್ಗೆಯೇ ಇರುವ ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಪತ್ರಿಕೆಯಲ್ಲಿ ವಾಲಗದವರ ಹೆಸರು ಬಂದದ್ದು ಕಲಾವಿದರಾಗಿ, ಅವರೇ ಒಪ್ಪಿ. ಇಲ್ಲಿ ಮನೆಯೊಳಗಿನ ಮಾತು, ದುಡ್ಡಿನ ವಿಚಾರ ಬರುತ್ತವೆ. ಅದಕ್ಕೆ ಹೆಸರು ಬೇಡ ಎಂದರು. ಅವರ ಮಾತನ್ನು ಉಳಿಸಿಕೊಂಡಿದ್ದೇನೆ.

ಊರಿಗೆ ಮರಳಿದ ವರದಿಗಾರ್ತಿ

ಮಡಿಕೇರಿಯಲ್ಲಿ ಸಂಗೀತ ಪತ್ರಕರ್ತೆ ಎಂಬ ಹುದ್ದೆಯೇ ಇರಲಿಲ್ಲ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 33 ಸಾವಿರ. ಇಡೀ ಜಿಲ್ಲೆಯದು ಐದೂವರೆ ಲಕ್ಷ. ಇಷ್ಟು ಸಣ್ಣ ಜಾಗದಲ್ಲಿ ಸಂಗೀತಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಪತ್ರಿಕೆ ಯಾವುದಿದೆ? ಇಲ್ಲಿನ ವರದಿಗಾರರು ಬೆಳಿಗ್ಗೆ ಕಾಡಾನೆ ದಾಳಿ, ಮಧ್ಯಾಹ್ನ ಪಂಚಾಯಿತಿ ಸಭೆ, ಸಂಜೆ ಹಾಕಿ ಫೈನಲ್ ಬರೆಯುತ್ತಾರೆ. ಅವಳೂ ಹಾಗೆಯೇ ಶುರು ಮಾಡಿದವಳು. ತಿಂಗಳ ಸಂಬಳವಿಲ್ಲ, ಅಚ್ಚಾದ ವರದಿಗೆ ಇಷ್ಟು ಎಂದು ಲೆಕ್ಕ. ಪೆಟ್ರೋಲ್ ಕೈಯಿಂದ.

ಅಪ್ಪನಿಗೆ ಮಹದೇವಪೇಟೆಯಲ್ಲಿ ಒಂದು ಅಂಗಡಿ. ಅಲ್ಲಿ ರೇಡಿಯೋ ಬೆಳಿಗ್ಗೆ ಹಾಕಿದರೆ ಬಾಗಿಲು ಮುಚ್ಚುವ ತನಕ ಮಡಿಕೇರಿ ಆಕಾಶವಾಣಿ. ಕನ್ನಡ ಭಾವಗೀತೆ, ಕೊಡವ ಹಾಡು, ಅರೆಭಾಷೆ ಹಾಡು ಎಲ್ಲ ಒಂದರ ಹಿಂದೆ ಒಂದು ಕಿವಿಗೆ ಬೀಳುತ್ತಿದ್ದವು. ಸಂಗೀತದ ಬಗ್ಗೆ ಬರೆಯುವ ಆಸೆ ಅಲ್ಲಿಂದಲೇ ಬಂತು ಎನ್ನುತ್ತಾಳೆ. ಆ ಆಸೆಯಿಂದ ಬೆಂಗಳೂರಿಗೆ ಹೋದಳು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಕೂತು ವಿಮರ್ಶೆ ಬರೆದಳು. ರಾಗ, ತಾಳ, ಪಕ್ಕವಾದ್ಯ ಎಲ್ಲ ಗುರುತಿಸುವುದನ್ನು ಕಲಿತಳು. ಇನ್ನೂ ಒಂದು ವಿಷಯ ಅಲ್ಲಿ ಗಮನಿಸಿದಳು. ಕಛೇರಿ ವಿಮರ್ಶೆಯಲ್ಲಿ ಹಾಡಿದವರದ್ದಷ್ಟೇ ಅಲ್ಲ, ಪಿಟೀಲು, ಮೃದಂಗ, ಘಟ ನುಡಿಸಿದವರ ಹೆಸರೂ ತಪ್ಪದೆ ಬರುತ್ತದೆ. ಒಬ್ಬರದು ಬಿಟ್ಟುಹೋದರೂ ಮರುದಿನ ಫೋನ್ ಬರುತ್ತದೆ.

2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಜರಿದವು. ಅಪ್ಪ ಅಮ್ಮ ಇಬ್ಬರೇ ಇದ್ದರು. ಆ ಮಳೆಗಾಲ ಕಳೆದ ಮೇಲೆ ಅವಳು ಊರಿಗೆ ವಾಪಸ್ ಬಂದಳು.

ಬಂದವಳಿಗೆ ಊರು ಬೇರೆ ಥರ ಕೇಳಿಸಿತು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪ ಬೀದಿಗಿಳಿಯುವಾಗ ಬೆಳಗಿನ ತನಕ ಎದೆ ನಡುಗಿಸುವ ಸ್ಪೀಕರ್. ಅದೇ ದಸರಾ ಶುರುವಾಗುವುದು ನಾಲ್ಕು ಕರಗಗಳ ಮುಂದೆ ಬಡಿಯುವ ವಾದ್ಯದಿಂದ. ಸುಗ್ಗಿ ಹಬ್ಬ ಹುತ್ತರಿಗೆ ಊರ ಬಯಲಾದ ಮಂದ್‌ನಲ್ಲಿ ಕೋಲಾಟ್. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ನಾಲ್ಕು ಜನ ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ‘ಬಾಳೋ ಬಾಳೋ’ ಎಂದು ಎತ್ತಿಕೊಂಡರೆ, ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ತಿರುಗಿ ಹೇಳುತ್ತಾರೆ. ಮೇ ತಿಂಗಳ ಕೊನೆಗೆ ದೇವರಪುರದ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ಡಬ್ಬ, ಸೋರೆಬುರುಡೆ ಬಡಿದು ದೇವರಿಗೇ ಬೈದು ಹಾಡುತ್ತಾರೆ. ಎಮ್ಮೆಮಾಡಿನ ಉರೂಸ್‌ಗೆ ದಫ್. ಕುಶಾಲನಗರ ದಾಟಿ ಹೊಳೆಯಾಚೆ ಹೋದರೆ ಬೈಲುಕುಪ್ಪೆಯ ಟಿಬೆಟನ್ ಮಠದ ಉದ್ದನೆಯ ಕಹಳೆ. ಬೆಂಗಳೂರಿನಲ್ಲಿ ಇದರ ಅರ್ಧದಷ್ಟು ಬಗೆಯೂ ಅವಳು ಕೇಳಿರಲಿಲ್ಲ.

ಇದನ್ನೆಲ್ಲ ಬರೆಯಲು ಶುರು ಮಾಡಿದಳು. ಯಾರೂ ಕೇಳಿರಲಿಲ್ಲ, ತಾನೇ ಬರೆದು ಕಳಿಸುತ್ತಿದ್ದಳು. ಭಾನುವಾರ ಜಾಗ ಉಳಿದರೆ ಹಾಕುತ್ತಿದ್ದರು. ಬರೆಯುತ್ತಾ ಹೋದ ಹಾಗೆ ಅವಳ ಕಣ್ಣಿಗೆ ಒಂದು ವಿಚಾರ ಬಿತ್ತು. ಊರಿನ ವರದಿಗಳಲ್ಲಿ ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿ, ದೀಪ ಹಚ್ಚಿದವರು, ಶಾಲು ಹೊದೆಸಿದವರು ಎಲ್ಲರ ಹೆಸರೂ ಇರುತ್ತದೆ. ವಾದ್ಯದವರ ಬಗ್ಗೆ ಮಾತ್ರ ‘ವಾಲಗದೊಂದಿಗೆ ಮೆರವಣಿಗೆ ಸಾಗಿತು’ ಎಂಬ ಸಾಲಷ್ಟೇ. ಅಲ್ಲಿಂದ ಅವಳು ತನ್ನ ವರದಿಗಳಲ್ಲಿ ನುಡಿಸಿದವರ ಹೆಸರು ಸೇರಿಸತೊಡಗಿದಳು. ಡೆಸ್ಕ್‌ನಲ್ಲಿ ಮೊದಲು ಕತ್ತರಿ ಬೀಳುತ್ತಿದ್ದದ್ದೂ ಅದಕ್ಕೇ.

ಏಪ್ರಿಲ್‌ನ ಮದುವೆ

ಪ್ರಸಂಗ ನಡೆದದ್ದು ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾಗಿದ್ದ ಹೊತ್ತಿನಲ್ಲಿ. ಹಿಂದಿನ ರಾತ್ರಿ ಜೋರು ಮಳೆ. ಗಾಳಿಯಲ್ಲಿ ತೇವ ಇದ್ದರೆ ಚರ್ಮದ ವಾದ್ಯ ಸಡಿಲವಾಗುತ್ತದೆ, ಬಡಿದರೆ ‘ದಬ್’ ಎನ್ನುತ್ತದೆ. ಮಂಟಪದ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕ, ವಾಲಗದವರು ಕಟ್ಟಿಗೆ ಚೂರು ಕೂಡಿಸಿ ಬೆಂಕಿ ಮಾಡಿದ್ದರು. ಒಬ್ಬ ಹುಡುಗ ಪರೆಯ ಮುಖವನ್ನು ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಹಿಡಿಯುತ್ತಿದ್ದ. ‘ದಬ್’ ಹೋಗಿ ‘ಟಣ್’ ಬರುವ ತನಕ. ಹಿರಿಯರು ವಾಲಗದ ಊದುವ ತುದಿಯನ್ನು ಬಾಯಲ್ಲಿಟ್ಟು ನೆನೆಸುತ್ತಾ ಕೂತಿದ್ದರು, ಯಾರ ಜೊತೆಗೂ ಮಾತಿಲ್ಲ. ಗೆಳತಿ ಅವತ್ತು ಕೆಲಸದ ಮೇಲೆ ಹೋದವಳಲ್ಲ, ಹುಡುಗಿ ಕಡೆಯ ನೆಂಟಳು. ಆದರೂ ಊಟ ಬಿಟ್ಟು ಅಲ್ಲೇ ನಿಂತಿದ್ದಳು.

ವಾಲಗ ಶುರುವಾದ ಮೇಲೆ ಕುಣಿಯದೆ ನಿಂತವರು ಕಡಿಮೆ. ಹಿರಿಯರು ಒಂದು ಸಾಲನ್ನು ಮೇಲಕ್ಕೆ ಎತ್ತಿ, ಅಲ್ಲೇ ಉಸಿರು ಹಿಡಿದು ನಿಲ್ಲಿಸಿ, ಕೊಟ್ಟ್ ಎಂಬ ಚರ್ಮವಾದ್ಯ ಬಡಿಯುವವನು ಒಂದು ಸುತ್ತು ಮುಗಿಸುವ ತನಕ ಕಾದು, ಜಾರುತ್ತಾ ಕೆಳಗೆ ಇಳಿಸುತ್ತಿದ್ದರು. ಆ ಇಳಿಯುವ ಜಾಗದಲ್ಲೇ ಜನ ಕೂಗು ಹಾಕುತ್ತಿದ್ದರು. ಬೇರೆ ತಂಡದವರು ಹೀಗೆ ಕಾಯುವುದಿಲ್ಲ, ನೇರ ಇಳಿಸಿಬಿಡುತ್ತಾರೆ. ಗೆಳತಿ ಇದನ್ನು ಹಲವು ಮದುವೆಗಳಲ್ಲಿ ಕೇಳಿ ಹೋಲಿಸಿದ್ದಳು. ಆ ಕಾಯುವಿಕೆ ಅವರದ್ದೇ.

ಹಾಡಾಗಿ ಬಂದದ್ದು ಸರಿಯಾಗಿ ಆ ಭಾಗ. ನಿರ್ಮಾಪಕ ಅದನ್ನು ಕತ್ತರಿಸಿ ಮತ್ತೆ ಮತ್ತೆ ಬರುವಂತೆ ಜೋಡಿಸಿದ್ದ. ಅವನಿಗೂ ಕಿವಿ ಇದೆ, ಅದನ್ನು ಒಪ್ಪಲೇಬೇಕು.

ತುಣುಕು ಹೋದ ದಾರಿ ಹೀಗೆ. ವಿಡಿಯೋದವನು ಮದುವೆಯ ಸಣ್ಣ ಚಿತ್ರವೊಂದನ್ನು ತನ್ನ ಕೆಲಸದ ಮಾದರಿಯಾಗಿ ಹಾಕಿದ್ದ. ನಿರ್ಮಾಪಕ ಕೇಳಿದಾಗ ಮೂಲ ಧ್ವನಿಯನ್ನೂ ಕಳಿಸಿಕೊಟ್ಟ, ದುಡ್ಡು ತೆಗೆದುಕೊಂಡಿರಲಿಲ್ಲ. ‘ನಾನು ತೆಗೆದದ್ದು ಮಾರಾಯ್ತಿ, ನಾನು ಕೊಟ್ಟೆ. ಅದರಲ್ಲಿ ಏನು ತಪ್ಪು?’ ಎಂದ ಅವಳಿಗೆ. ಹುಡುಗಿ ಮನೆಯವರಿಗೆ ಹಾಡು ಬಂದದ್ದೇ ಹೆಮ್ಮೆ. ನಮ್ಮ ಮನೆ ಮದುವೆಯ ವಾಲಗ ಅಂತ ಎಲ್ಲರಿಗೂ ಕಳಿಸುತ್ತಿದ್ದರು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಸಿಟ್ಟು ಎದ್ದಿತು. ನಮ್ಮ ಸಂಸ್ಕೃತಿಯನ್ನು ಕದ್ದರು, ಕೊಡಗಿಗೆ ಅವಮಾನ ಮಾಡಿದರು ಎಂದು ಬರೆಯುವವರು ಜಾಸ್ತಿಯಾದರು. ಪತ್ರಿಕೆಯ ಸಂಪಾದಕರು ಅವಳಿಗೆ ಫೋನ್ ಮಾಡಿದ್ದು ಆಗ. ನಾಳೆಗೇ ಬೇಕು ಎಂದರು.

ಅವಳು ತಕ್ಷಣ ಹೂಂ ಅನ್ನಲಿಲ್ಲ. ಬಂಧುಗಳ ಮದುವೆ ಇದು, ಬೇರೆಯವರು ಬರೆಯಲಿ ಎಂದಳು. ಯಾವ ವರದಿಗಾರನೂ ಇದನ್ನು ಹೀಗೆಯೇ ಹೇಳಬೇಕು. ಆದರೆ ಬೇರೆ ಯಾರಿದ್ದಾರೆ? ಬೆಂಗಳೂರಿನ ಪತ್ರಿಕೆಯಲ್ಲಾದರೆ ಪಕ್ಕದ ಮೇಜಿನವರಿಗೆ ಕೊಡಬಹುದು. ಮಡಿಕೇರಿಯಲ್ಲಿ ಪಕ್ಕದ ಮೇಜಿನವನು ವಿಡಿಯೋದವನ ಭಾವ ಆಗಿರುತ್ತಾನೆ. ಕೊನೆಗೆ ಎರಡು ಷರತ್ತು ಹಾಕಿ ಒಪ್ಪಿಕೊಂಡಳು. ಮದುವೆ ಮನೆಯವರು ಲೇಖಕಿಯ ಬಂಧುಗಳು ಎಂದು ಬರಹದಲ್ಲೇ ಹೇಳಬೇಕು. ನಾಳೆಗೆ ಆಗುವುದಿಲ್ಲ, ಊದಿದವರನ್ನು ಮಾತಾಡಿಸಿದ ಮೇಲೆಯೇ.

ಹಿರಿಯರ ಮನೆಯಲ್ಲಿ

ಕೊಡಗಿನಲ್ಲಿ ವಾಲಗ, ಪರೆ, ಕೊಟ್ಟ್, ಕೊಂಬು ತಲೆತಲಾಂತರದಿಂದ ನುಡಿಸುತ್ತಾ ಬಂದವರಲ್ಲಿ ಮೇದರು, ಕೆಂಬಟ್ಟಿಯವರು ಮುಖ್ಯರು. ಹಬ್ಬ, ಮದುವೆ, ಸಾವು ಯಾವುದೂ ಇವರಿಲ್ಲದೆ ನಡೆಯುವುದಿಲ್ಲ. ಆದರೂ ಮಂಟಪದ ಹಿಂಭಾಗವೇ ಇವರ ಜಾಗ. ಈ ತಂಡದ ಹಿರಿಯರು ಬಿದಿರು ಹೆಣೆಯುವ ಮನೆಯವರು. ಮದುವೆ ಕಾಲ ಮುಗಿದರೆ ಬುಟ್ಟಿ, ಗೊರಬೆ.

ಅವರಿಗೆ ಹಾಡಿನ ವಿಷಯ ಗೊತ್ತಿತ್ತು. ಮೊಮ್ಮಗ ಕೇಳಿಸಿದ್ದ. ಗೆಳತಿ ಮತ್ತೊಮ್ಮೆ ಹಾಕಿದಳು. ಪೂರ್ತಿ ಕೇಳಿ ಅವರು ಮೊದಲು ಹೇಳಿದ್ದು ಹೆಸರಿನ ಮಾತಲ್ಲ, ದುಡ್ಡಿನ ಮಾತಲ್ಲ. ‘ಕೊಟ್ಟ್ ಬಡಿದದ್ದನ್ನು ತೆಗೆದುಬಿಟ್ಟಿದ್ದಾನೆ ಅಮ್ಮ. ನಾನು ಯಾರಿಗೆ ಕಾಯ್ತಾ ಇದ್ದೇನೆ ಅಂತಲೇ ಗೊತ್ತಾಗೋದಿಲ್ಲ’ ಎಂದರು.

ಸಂಗೀತ ಗೊತ್ತಿದ್ದ ಪತ್ರಕರ್ತೆ ಅಲ್ಲಿ ಇದ್ದದ್ದಕ್ಕೆ ಈ ಮಾತು ಸಿಕ್ಕಿತು. ಬೇರೆ ಯಾರಾದರೂ ಹೋಗಿದ್ದರೆ ‘ನಿಮಗೆ ಬೇಜಾರಾಯ್ತಾ?’ ಎಂದು ಕೇಳಿ, ಹೂಂ ಎನ್ನಿಸಿಕೊಂಡು ಬರುತ್ತಿದ್ದರು. ಅವಳು ಕೂತು ಕೇಳಿದಳು: ಎಲ್ಲಿ ಕಾಯುತ್ತೀರಿ ಅಣ್ಣ, ಎಷ್ಟು ಹೊತ್ತು, ಕೊಟ್ಟ್‌ನವನು ತಡ ಮಾಡಿದರೆ ಏನು ಮಾಡುತ್ತೀರಿ? ಹೀಗೆ ಊದುವುದನ್ನು ತಾವು ಚಿಕ್ಕಪ್ಪನಿಂದ ಕಲಿತದ್ದು, ಆದರೆ ಚಿಕ್ಕಪ್ಪ ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ತಾವು ಉದ್ದ ಮಾಡಿದ್ದು ಎಂದು ಹೇಳಿದರು. ‘ಸಾಂಪ್ರದಾಯಿಕ’ ಎಂದು ಒಂದೇ ಪದದಲ್ಲಿ ಮುಗಿಸಿದ ಜಾಗದಲ್ಲಿ ಒಬ್ಬ ಮನುಷ್ಯನ ಸ್ವಂತ ಯೋಚನೆ ಇತ್ತು.

ಏನಾಗಬೇಕು ನಿಮಗೆ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಸರು ಬಂದರೆ ಒಳ್ಳೆಯದು ಎಂದರು. ತಮ್ಮೊಬ್ಬರದಲ್ಲ, ತಂಡದ ಎಲ್ಲರದು. ದೂರು ಕೊಟ್ಟ ಹಾಗೆ ಮಾತ್ರ ಆಗಬಾರದು. ಆ ಮನೆಯವರು, ಅವರ ನೆಂಟರು, ನೆಂಟರ ನೆಂಟರು ಎಲ್ಲ ಸೇರಿಯೇ ವರ್ಷದ ಮದುವೆಗಳು. ಅವರಿಗೆ ಬೇಸರವಾದರೆ ಮುಂದಿನ ವರ್ಷ ಯಾರು ಕರೆಯುತ್ತಾರೆ?

ಈ ಭಯವನ್ನು ನನ್ನ ವಿದ್ಯಾರ್ಥಿಗಳು ಮೊದಲ ಸಲ ಓದಿದಾಗ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಕ್ಕು ಇದೆ ಅಲ್ವಾ, ಕೇಳಲಿ ಎನ್ನುತ್ತಾರೆ. ಹಕ್ಕು ಇರುವುದು ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ನುಡಿಸಿದವರಿಗೆ ಆ ನುಡಿಸಾಣಿಕೆಯ ಮೇಲೆ 50 ವರ್ಷ ಹಕ್ಕಿದೆ. 2012ರ ತಿದ್ದುಪಡಿಯಲ್ಲಿ ಬಂದ 38ಬಿ ಸೆಕ್ಷನ್ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ, ತಮ್ಮ ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕನ್ನೂ ಕೊಡುತ್ತದೆ. ಹಾಡು ಹಳೆಯದು, ಯಾರದ್ದೂ ಅಲ್ಲ ಎಂದರೂ ಈ ಹಕ್ಕು ಹೋಗುವುದಿಲ್ಲ, ಏಕೆಂದರೆ ಇದು ಹಾಡಿನ ಮೇಲಲ್ಲ, ಊದಿದ ಉಸಿರಿನ ಮೇಲೆ. ವಿಡಿಯೋದವನು ‘ನಾನು ತೆಗೆದದ್ದು’ ಎಂದದ್ದೂ ಪೂರ್ತಿ ಸರಿಯಲ್ಲ. ದುಡ್ಡು ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಇಲ್ಲಿ ಕರಾರೂ ಇರಲಿಲ್ಲ, ವಾಲಗದವರಿಂದ ಒಂದು ಸಹಿಯೂ ಇರಲಿಲ್ಲ.

ಇಷ್ಟೆಲ್ಲ ಅವಳು ಹಿರಿಯರಿಗೆ ಬಿಡಿಸಿ ಹೇಳಿದಳು. ಅವರು ಕೇಳಿಕೊಂಡರು. ಕೋರ್ಟು ಕಚೇರಿ ಬೇಡ ಎಂದರು. ಬುಟ್ಟಿ ಹೆಣೆದು, ಕರೆದಲ್ಲಿಗೆ ಹೋಗಿ ಊದಿ ಬದುಕುವ ಮನೆಯಲ್ಲಿ ಆ ಉತ್ತರ ಹೇಗೆ ಬರುತ್ತದೆ ಎಂದು ಅರ್ಥ ಮಾಡಿಕೊಳ್ಳದೆ ಈ ಊರಿನ ಸಂಗೀತದ ಬಗ್ಗೆ ಬರೆಯಲು ಆಗುವುದಿಲ್ಲ.

ತಲೆಬರಹದ ಜಗಳ

ಬರಹ ಕಳಿಸಿದಳು. ಡೆಸ್ಕ್ ಇಟ್ಟ ತಲೆಬರಹ: ‘ಕೊಡಗಿನ ವಾಲಗಕ್ಕೆ ಕನ್ನ’.

ಅವಳು ಒಪ್ಪಲಿಲ್ಲ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಜಗಳವೇ. ಅವಳ ವಾದ ಸರಳ. ನಿರ್ಮಾಪಕ ‘ಕೊಡಗಿನ ವಾದ್ಯ’ ಎಂದು ಬರೆದು ಊದಿದವರನ್ನು ಬಿಟ್ಟ. ಸಿಟ್ಟಾದವರು ‘ಕೊಡಗಿನ ಸಂಸ್ಕೃತಿ’ ಎಂದು ಕೂಗಿ ಊದಿದವರನ್ನು ಬಿಟ್ಟರು. ಈಗ ನಾವೂ ‘ಕೊಡಗಿನ ವಾಲಗ’ ಎಂದು ಹಾಕಿದರೆ ಮೂರನೇ ಸಲ ಬಿಟ್ಟ ಹಾಗೆ. ಜಿಲ್ಲೆಗೆ ನೋವಾಯಿತು ಎನ್ನುವುದು ಎಲ್ಲರಿಗೂ ಹಿತ, ಯಾರೂ ಏನೂ ಬದಲಾಯಿಸಿಕೊಳ್ಳಬೇಕಾಗಿಲ್ಲ. ಈ ನಾಲ್ಕು ಜನರ ಹೆಸರು ನಮಗೇ ಗೊತ್ತಿರಲಿಲ್ಲ ಎನ್ನುವುದು ಕಷ್ಟದ ಮಾತು.

ಸಂಪಾದಕರು ಸಂಜೆ ತನಕ ಬಗ್ಗಲಿಲ್ಲ. ಹೆಸರು ಹಾಕಿದರೆ ಓದುಗರಿಗೆ ಯಾರೆಂದು ಗೊತ್ತಾಗುವುದಿಲ್ಲ ಎಂದರು. ‘ಗೊತ್ತಾಗಲಿ ಅಂತಲೇ ಹಾಕೋದು ಸರ್’ ಎಂದಳು. ಕೊನೆಗೆ ತಲೆಬರಹದಲ್ಲಿ ಹಿರಿಯರ ಹೆಸರು, ಮೊದಲ ಪ್ಯಾರಾದಲ್ಲಿ ಉಳಿದ ಮೂವರ ಹೆಸರು ಬಂತು. ಹೀಗೆ ಬಗ್ಗಿದ್ದಕ್ಕೆ ಸಂಪಾದಕರಿಗೂ ಗೌರವ ಸಲ್ಲಬೇಕು. ಸಿಟ್ಟಿನ ತಲೆಬರಹಕ್ಕೆ ಓದುಗರು ಜಾಸ್ತಿ ಸಿಗುತ್ತಿದ್ದರು ಎಂದು ಅವರಿಗೆ ಗೊತ್ತಿತ್ತು.

ಬರಹ ಕಳವಿನಿಂದ ಶುರುವಾಗಲಿಲ್ಲ. ಆ ಕಾಯುವ ಜಾಗದಿಂದ ಶುರುವಾಯಿತು: ಎಲ್ಲಿ ಉಸಿರು ನಿಲ್ಲುತ್ತದೆ, ಕೊಟ್ಟ್ ಹೇಗೆ ಉತ್ತರ ಕೊಡುತ್ತದೆ, ಮಳೆಗಾಲದಲ್ಲಿ ಪರೆಯನ್ನು ಏಕೆ ಕಾಯಿಸಬೇಕು. ಅರ್ಧ ಬರಹ ಇದೇ. ಆಮೇಲೆ ಹಾಡಿನಲ್ಲಿ ಏನು ಉಳಿದಿದೆ, ಏನು ಹೋಗಿದೆ. ಆಮೇಲೆ ಹಕ್ಕಿನ ವಿಚಾರ. ನಿರ್ಮಾಪಕನನ್ನು ಅವಳು ಕಳ್ಳ ಎನ್ನಲಿಲ್ಲ, ಅವನನ್ನು ಕೇಳಿ ಅವನ ಉತ್ತರವನ್ನೂ ಹಾಕಿದಳು. ಹಿರಿಯರು ಆಡಿದ ಮಾತುಗಳನ್ನು ಅಚ್ಚಿಗೆ ಹೋಗುವ ಮೊದಲು ಅವರಿಗೆ ಓದಿ ಹೇಳಿದ್ದಳು. ಮದುವೆಯ ಕರೆ ತಪ್ಪಬಹುದು ಎಂದು ಹೇಳಿದ ಮಾತನ್ನು ಅವರು ತೆಗೆಸಿದರು. ಅವಳು ತೆಗೆದಳು.

ದುಡಿ ಹಾಡುಗಳ ಜೊತೆ ಅವಳು ಮಾಡಿದ ಹೋಲಿಕೆ ನನಗೆ ಬಹಳ ಹಿಡಿಸಿತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದರಿಂದ ಕೊಡವ ಹಾಡುಗಳ ಮಾತು ಕಾಗದದ ಮೇಲೆ ಉಳಿಯಿತು. ಇವತ್ತಿಗೂ ಹಾಡುವವರು ಆ ಪುಸ್ತಕ ತೆರೆಯುತ್ತಾರೆ. ವಾಲಗಕ್ಕೆ ಮಾತಿಲ್ಲ. ಬರೆದಿಡಲು ಪದವಿಲ್ಲದ ಸಂಗೀತ ಉಳಿಯುವುದು ಊದುವವರಲ್ಲಿ ಮಾತ್ರ. ಹಾಗಾಗಿ ಇಲ್ಲಿ ಹೆಸರು ಬಿಟ್ಟರೆ ಯಾವುದು ಯಾರಿಂದ ಬಂತು ಎಂಬ ದಾರಿಯೇ ಮುಚ್ಚಿಹೋಗುತ್ತದೆ. 2023ರಲ್ಲಿ ರಾಣಿ ಮಾಚಯ್ಯನವರಿಗೆ ಪದ್ಮಶ್ರೀ ಬಂದ ಮೇಲೆ ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಎಂದರೆ ದೇಶಕ್ಕೆ ಒಂದು ಹೆಸರು ನೆನಪಾಗುತ್ತದೆ. ವಾಲಗ ಎಂದರೆ ಕೊಡಗಿನವರಿಗೇ ಯಾರ ಹೆಸರು ನೆನಪಾಗುತ್ತದೆ?

ಆಮೇಲೆ ಆದದ್ದು

ನಿರ್ಮಾಪಕ ಒಂದು ವಾರದೊಳಗೆ ಹಾಡಿನ ವಿವರದಲ್ಲಿ ನಾಲ್ವರ ಹೆಸರು ಹಾಕಿದ. ಒಂದು ಹೆಸರು ತಪ್ಪಾಗಿತ್ತು, ಅವಳು ಹೇಳಿದ ಮೇಲೆ ಸರಿ ಮಾಡಿದ. ಸ್ವಲ್ಪ ಹಣವನ್ನೂ ಕಳಿಸಿದ. ಎಷ್ಟು ಎಂದು ಹಿರಿಯರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಬಂಧುಗಳ ಮನೆಯಲ್ಲಿ ಬಿರುಕು ಬಿತ್ತು. ಅವರ ಮೇಲೆ ಬರಹದಲ್ಲಿ ಒಂದು ಆರೋಪವೂ ಇರಲಿಲ್ಲ. ಆದರೂ ಹುಡುಗಿಯ ದೊಡ್ಡಮ್ಮ ಅವಳ ಅಮ್ಮನಿಗೆ ಫೋನ್ ಮಾಡಿ, ನಮ್ಮ ಮನೆಯ ಶುಭಕಾರ್ಯವನ್ನು ಪೇಪರಿಗೆ ಎಳೆದಳು ಎಂದರು. ಮುಂದಿನ ಹಬ್ಬಕ್ಕೆ ಕರೆ ಬರಲಿಲ್ಲ. ಅಮ್ಮ ಅದನ್ನು ಮಗಳಿಗೆ ಹೇಳಿದ್ದು ಎಷ್ಟೋ ದಿನ ಆದ ಮೇಲೆ. ಊರಲ್ಲೇ ಇದ್ದು ಊರಿನ ಬಗ್ಗೆ ಬರೆಯುವವರ ಮನೆಮಂದಿಯೂ ಬೆಲೆ ತೆರುತ್ತಾರೆ. ಪತ್ರಿಕೋದ್ಯಮದ ಪಾಠದಲ್ಲಿ ಇದಕ್ಕೆ ಜಾಗವೇ ಇಲ್ಲ.

ಹಿರಿಯರು ಹೆದರಿದ ಹಾಗೆ ಒಂದು ಮನೆಯವರು ಬೇರೆ ತಂಡವನ್ನು ಕರೆದರು. ಕಾರಣ ಇದೇ ಎಂದು ಹೇಳುವಂತಿಲ್ಲ. ಬರಹ ಓದಿದ ಮೇಲೆ ಇವರೇ ಬೇಕು ಎಂದು ಬಂದವರೂ ಇದ್ದಾರೆ. ವಿಡಿಯೋದವನು ಕೆಲವು ದಿನ ಮಾತು ಬಿಟ್ಟಿದ್ದ. ಈಗ ಮದುವೆ ಚಿತ್ರದ ಕೊನೆಗೆ ಅಡುಗೆಯವರು, ಅಲಂಕಾರದವರ ಹೆಸರಿನ ಜೊತೆ ವಾಲಗದವರ ಹೆಸರನ್ನೂ ಹಾಕುತ್ತಾನೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ತಕರಾರು ಒಂದಿದೆ, ಅದನ್ನು ಅವಳಿಗೂ ಹೇಳಿದ್ದೇನೆ. ಹೆಸರು ಏಕೆ ಬರುತ್ತಿರಲಿಲ್ಲ ಎಂಬ ಪ್ರಶ್ನೆಗೆ ಬರಹ ಪೂರ್ತಿ ಉತ್ತರ ಕೊಡಲಿಲ್ಲ. ಕಛೇರಿಯಲ್ಲಿ ಮೃದಂಗದವರ ಹೆಸರು ಬಿಟ್ಟರೆ ಫೋನ್ ಬರುತ್ತದೆ, ಇಲ್ಲಿ ಬರುವುದಿಲ್ಲ. ಆ ವ್ಯತ್ಯಾಸಕ್ಕೆ ಕಾರಣ ಜಾತಿ. ಮಂಟಪದ ಹಿಂಭಾಗ, ಕೊನೆಯ ಪಂಕ್ತಿ ಎಲ್ಲ ಅವಳ ಕಣ್ಣ ಮುಂದೆಯೇ ಇತ್ತು. ಬರಹದಲ್ಲಿ ಅದು ಒಂದು ಸಾಲು. ಅವಳ ಉತ್ತರ: ‘ಅದನ್ನು ಅವರೇ ಹೇಳಬೇಕು, ಅವರು ಅವತ್ತು ಹೇಳಲಿಲ್ಲ. ನಾನು ಅವರ ಬಾಯಲ್ಲಿ ಮಾತು ತುರುಕೋದಿಲ್ಲ.’ ಅವರು ಹೇಳದಿದ್ದರೂ ತಾನು ಕಂಡದ್ದನ್ನು ತನ್ನ ಮಾತಿನಲ್ಲಿ ಬರೆಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಈ ಒಂದು ವಿಷಯಕ್ಕೇ ಇಡೀ ಅವಧಿ ಹೋಗುತ್ತದೆ. ತಂಡದ ಕೊಟ್ಟ್ ಬಡಿಯುವ ಹುಡುಗ ಪದವಿ ಓದುತ್ತಿದ್ದಾನೆ. ಈ ಬಗ್ಗೆ ತಾನೇ ಬರೆಯುತ್ತೇನೆ ಎಂದಿದ್ದಾನೆ. ಬರೆದರೆ ಅವಳು ತಿದ್ದಿಕೊಡುತ್ತಾಳೆ, ಹೆಸರು ಅವನದೇ.

ಅವಳ ವೃತ್ತಿಯ ಲೆಕ್ಕ ಹೇಳಬೇಕೆಂದರೆ, ಈ ಬರಹಕ್ಕೂ ಸಿಕ್ಕಿದ್ದು ಮಾಮೂಲಿ ವರದಿಯ ದುಡ್ಡೇ. ಜೀವನ ನಡೆಯುವುದು ಅನುವಾದದ ಕೆಲಸದಿಂದ. ಆದರೂ ಡೆಸ್ಕ್‌ನಲ್ಲಿ ಒಂದು ರೂಢಿ ಬಂದಿದೆ. ಮೆರವಣಿಗೆ, ಹಬ್ಬದ ವರದಿ ಬಂದರೆ ವಾದ್ಯದವರು ಯಾರು ಎಂದು ಉಪಸಂಪಾದಕರೇ ವರದಿಗಾರರಿಗೆ ಫೋನ್ ಮಾಡಿ ಕೇಳುತ್ತಾರೆ. ಜಾಹೀರಾತು ಜಾಸ್ತಿ ಇದ್ದ ದಿನ ಆ ಸಾಲು ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಂಗೀತಕ್ಕೆ ಅರ್ಧ ಪುಟ ಕೊಡಿ, ಓಡಾಟದ ಖರ್ಚು ಕೊಡಿ ಎಂದು ಅವಳು ಬರೆದು ಕೊಟ್ಟಿದ್ದಾಳೆ. ದಸರಾ ಮುಗಿಯಲಿ, ನೋಡೋಣ ಎಂದಿದ್ದಾರೆ. ಅಷ್ಟರಲ್ಲಿ ಅವಳು ಜಿಲ್ಲೆಯ ವಾಲಗ ತಂಡಗಳ ಪಟ್ಟಿ ಮಾಡುತ್ತಿದ್ದಾಳೆ: ಯಾವ ಊರು, ಯಾರು ಊದುತ್ತಾರೆ, ಯಾರಿಂದ ಕಲಿತರು, ಈಗ ಯಾರಿಗೆ ಕಲಿಸುತ್ತಿದ್ದಾರೆ. ವಿರಾಜಪೇಟೆ ಕಡೆಯದು ಮುಗಿದಿದೆ. ಸೋಮವಾರಪೇಟೆ ಕಡೆಯದು ಮಳೆ ನಿಂತ ಮೇಲೆ.